ಹಣೆಯ ಬಿಲ್ಲೆ

ಆಷಾಢದ ಗಾಳಿ ಹೈವೇ ಧೂಳನ್ನೆಲ್ಲ ಬಾಚಿಕೊಂಡು ಬಂದು ಕಾಲೇಜಿನ ಕಿಟಕಿಗಳಿಗೆ ಎರಚುತ್ತಿತ್ತು. ಹೊರಗೆ ಅಷ್ಟು ಗಾಳಿಯಿದ್ದರೂ ಲ್ಯಾಬಿನೊಳಗೆ ಬೆವರು. ಕಿಟಕಿ ತೆರೆಯುವಂತಿಲ್ಲ, ಫ್ಯಾನ್ ಹಾಕುವಂತಿಲ್ಲ; ಮೇಜಿನ ಮೇಲಿನ ಬಿಳಿ ಪುಡಿ ಒಂದು ಕೆಮ್ಮಿಗೂ ಹಾರುವಂಥದ್ದು. ಅಲ್ಲಿ ಪಾಠ ಹೇಳುವ ಲಕ್ಷ್ಮೀಕಾಂತ್ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬೆಳಗ್ಗೆ ಕೂತವನು ಊಟದ ಹೊತ್ತು ಮೀರಿದರೂ ಎದ್ದಿರಲಿಲ್ಲ. ಎಡಗೈಯಲ್ಲಿ ಅಂಗೈಯಗಲದ ಒಂದು ಬಿಲ್ಲೆ, ಬಲಗೈಯಲ್ಲಿ ಮಕ್ಕಳು ಬಣ್ಣ ಹಚ್ಚುವಂಥ ಮೆತ್ತನೆಯ ಕುಂಚ. ಬಿಲ್ಲೆಯ ತುಂಬ ಸಾಸಿವೆ ಹೋಗುವಷ್ಟಗಲದ ತೂತುಗಳು. ಒಂದೊಂದರೊಳಗಿನ ಸಡಿಲ ಪುಡಿಯನ್ನೂ ಕುಂಚದ ತುದಿಯಿಂದ ಕೆದರಿ ತೆಗೆಯಬೇಕು, ಬಿಲ್ಲೆ ಮುರಿಯಬಾರದು. ಸುಡುವ ಮುಂಚೆ ಅದು ಹಪ್ಪಳಕ್ಕಿಂತ ನಾಜೂಕು.

ಲ್ಯಾಬಿನ ಮೂಲೆಯ ಮೆಷಿನ್ ಇಂಥ ಬಿಲ್ಲೆ ಮಾಡುವ ರೀತಿ ಹೇಳುವುದಕ್ಕೆ ಸುಲಭ. ಕೂದಲೆಳೆಯಷ್ಟು ದಪ್ಪಕ್ಕೆ ಪುಡಿ ಹರಡುತ್ತದೆ, ಬೇಕಾದ ಕಡೆ ಮಾತ್ರ ಅಂಟು ಹನಿಸುತ್ತದೆ, ಮತ್ತೆ ಪುಡಿ, ಮತ್ತೆ ಅಂಟು. ಪದರದ ಮೇಲೆ ಪದರ ಕೂತು ಆಕಾರ ಮೇಲೇಳುತ್ತದೆ. ಆಮೇಲೆ ಭಟ್ಟಿಯಲ್ಲಿ ಸುಟ್ಟರೆ ಪಿಂಗಾಣಿಯ ಹಾಗೆ ಗಟ್ಟಿಯಾಗುತ್ತದೆ. ಮಾಡುವುದಕ್ಕೆ ಕೂತಾಗ ಹಣೆಬರಹ ಬೇರೆ. ಆ ವರ್ಷ ತುಮಕೂರಿನಲ್ಲಿ ಕರೆಂಟು ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಅನ್ನುವುದು ಕೆಇಬಿಯವರಿಗೂ ಗೊತ್ತಿರಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತು ಒಂದು ಬಿಲ್ಲೆ ಅರ್ಧಕ್ಕೇ ನಿಂತಿತು. ಇನ್ನೊಂದು ಎತ್ತುವಾಗ ಬಿರಿಯಿತು. ಮತ್ತೊಂದು ಕುಂಚದ ಕೆಳಗೇ ಪುಡಿಯಾಯಿತು. ಈಗ ಕೈಯಲ್ಲಿದ್ದದ್ದು ಅವನು ಲೆಕ್ಕ ಇಡುವುದನ್ನು ಬಿಟ್ಟ ಮೇಲಿನದು.

ಬಿಲ್ಲೆ ಕೊತ್ತಗೆರೆಯ ಅಂಗನವಾಡಿ ಟೀಚರ್ ಸರ್ವಮಂಗಳಳ ಹಣೆಗೆ. ಹಿಂದಿನ ವರ್ಷ ಕುಣಿಗಲ್ ರಸ್ತೆಯಲ್ಲಿ ಅಣ್ಣನ ಟಿವಿಎಸ್ ಹಿಂದೆ ಕೂತಿದ್ದವಳ ಸೆರಗು ಚಕ್ರಕ್ಕೆ ಸಿಕ್ಕಿತ್ತು. ಬಲಹುಬ್ಬಿನ ಮೇಲಿನ ಮೂಳೆ ನುಚ್ಚಾಯಿತು, ಕೀವಾಯಿತು, ಚೂರುಗಳನ್ನೆಲ್ಲ ತೆಗೆಯಬೇಕಾಯಿತು. ಗಾಯ ಮಾಯ್ದು ಗುಳಿ ಉಳಿಯಿತು. ಮೂಳೆಯಿಲ್ಲದ ಆ ಜಾಗದಲ್ಲಿ ಚರ್ಮದಡಿ ಏನೋ ಮಿಡಿಯುವುದು ಎದುರಿಗೆ ಕೂತವರಿಗೆ ಕಾಣುತ್ತಿತ್ತು. ಬಟವಾಡಿಯಲ್ಲಿ ಕ್ಲಿನಿಕ್ ಇಟ್ಟಿದ್ದ ಸರ್ಜನ್ ಚೈತನ್ಯ ಆ ತಲೆಯ ಸ್ಕ್ಯಾನನ್ನು ಸಿಡಿಯಲ್ಲಿ ಹಾಕಿ ಲಕ್ಷ್ಮೀಕಾಂತನಿಗೆ ಕೊಟ್ಟಿದ್ದರು. ಅವನು ಕಂಪ್ಯೂಟರಿನಲ್ಲಿ ಎಡಗಡೆಯ ಹಣೆಯನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬಲಗಡೆಯ ಗುಳಿಗೆ ಕೂರಿಸಿದ; ಸುತ್ತಲಿನ ಮೂಳೆ ಒಳಗೆ ಬೆಳೆದು ಹಿಡಿದುಕೊಳ್ಳಲೆಂದು ತೂತುಗಳನ್ನಿಟ್ಟ; ಸುಟ್ಟಾಗ ಕುಗ್ಗುತ್ತದೆಂದು ಅಷ್ಟು ದೊಡ್ಡದು ಮಾಡಿದ. ಇಂಥದ್ದನ್ನು ಮನುಷ್ಯರಿಗೆ ಹಾಕುವುದಕ್ಕೆ ಆಸ್ಪತ್ರೆಯ ಕಮಿಟಿಯ ಒಪ್ಪಿಗೆ ಬರುವಷ್ಟರಲ್ಲೇ ಎಲ್ಲರಿಗೂ ಸಾಕಾಗಿತ್ತು. ಈಗ ಬೆಂಗಳೂರಿನ ಆಸ್ಪತ್ರೆಯಲ್ಲಿ ದಿನ ಗೊತ್ತಾಗಿದೆ. ಅದು ತಪ್ಪಿದರೆ ಚೈತನ್ಯ ಓದಿಗೆಂದು ಹೊರದೇಶಕ್ಕೆ ಹೋಗುವವರು, ಮತ್ತೆ ಯಾವಾಗಲೋ.

ಬಾಗಿಲು ತಟ್ಟಿ ಒಳಗೆ ಬಂದವರು ಸರ್ವಮಂಗಳ ಮತ್ತು ಅವಳ ತಂದೆ ಪರಮಶಿವಯ್ಯ. ಅವಳು ಸೆರಗನ್ನು ಹಣೆಯ ಮೇಲಕ್ಕೆ ಎಳೆದುಕೊಂಡಿದ್ದಳು. ಮುದುಕರ ಹಣೆಯ ತುಂಬ ವಿಭೂತಿ, ಹೆಗಲಲ್ಲಿ ಕಾವಿಬಟ್ಟೆಯ ಚೀಲ.

"ಇನ್ನೂ ನನ್ ತಲೆ ಸವರ್ತಾ ಕೂತಿದೀರ ಸಾರ್?" ಅಂದಳು ಸರ್ವಮಂಗಳ.

"ಒಳಗೆ ಇನ್ನೂ ಪುಡಿ ಇದೆ ಕಣಮ್ಮ."

"ಇರತ್ತೆ ಬಿಡಿ. ನನ್ ತಲೇಲಿ ಏನೂ ಇಲ್ಲ ಅಂತ ನಮ್ಮ ಅತ್ತಿಗೆ ಹೇಳ್ತಿದ್ಳು, ಅವಳಿಗೆ ತೋರಿಸ್ಬೇಕು."

ಪರಮಶಿವಯ್ಯ ನಗಲಿಲ್ಲ. ಬಿಲ್ಲೆಯನ್ನೇ ನೋಡುತ್ತಿದ್ದರು. "ಮೇಷ್ಟ್ರೇ, ತಪ್ಪು ತಿಳ್ಕೋಬೇಡಿ. ಇದು ಯಾವ ಪ್ರಾಣಿ ಮೂಳೆದು?"

"ಯಾವುದ್ರದ್ದೂ ಅಲ್ಲ ಯಜಮಾನ್ರೇ. ಸುಣ್ಣದ ಜಾತಿದು. ಫ್ಯಾಕ್ಟರೀಲಿ ಮಾಡೋದು. ನಮ್ಮ ಮೂಳೆಯಲ್ಲಿರೋ ಸತ್ವವೇ, ಆದ್ರೆ ಯಾವ ಜೀವಕ್ಕೂ ತೊಂದ್ರೆ ಆಗಿಲ್ಲ."

"ಹಂಗಾದ್ರೆ ಸರಿ. ಮಠದಲ್ಲಿ ಬುದ್ಧಿಯವ್ರು ಕೇಳಿದ್ರು, ಅದಕ್ಕೆ ಕೇಳ್ದೆ."

ಸುಡುವುದಕ್ಕೆ ಗುಬ್ಬಿಗೆ ಹೋಗಬೇಕಿತ್ತು. ಲ್ಯಾಬಿನ ಸಣ್ಣ ಭಟ್ಟಿಯ ಕಾಯಿಲ್ ಸುಟ್ಟುಹೋಗಿ ಹೊಸದಕ್ಕೆ ಬರೆದ ಅರ್ಜಿ ಆಫೀಸಿನಲ್ಲಿ ನಿದ್ದೆ ಮಾಡುತ್ತಿತ್ತು. ಗುಬ್ಬಿಯ ಕನಕರಾಜು ಮನೆಗಳ ಮೀಟರ್ ಬೋರ್ಡಿಗೆ ಹಾಕುವ ಪಿಂಗಾಣಿ ಫ್ಯೂಸು ಮಾಡುವವನು. ಅವನ ಡೀಸೆಲ್ ಭಟ್ಟಿಗೆ ಬೇಕಾದಷ್ಟು ಕಾವಿತ್ತು. ತನ್ನ ಫ್ಯೂಸುಗಳ ನಡುವೆ ಒಂದು ಹಲಗೆಯ ಜಾಗ ಬಿಟ್ಟುಕೊಡುತ್ತೇನೆಂದು ಒಪ್ಪಿದ್ದ. ಮಗಳ ತಲೆಗೆ ಕೂರುವುದು ಬೆಂಕಿಗೆ ಹೋಗುವುದನ್ನು ಕಣ್ಣಾರೆ ನೋಡಬೇಕೆಂದು ಪರಮಶಿವಯ್ಯ ಹಟ ಹಿಡಿದಿದ್ದರು. ಲಕ್ಷ್ಮೀಕಾಂತ್ ಬಿಲ್ಲೆಯನ್ನು ಹತ್ತಿಯಲ್ಲಿ ಹುದುಗಿಸಿ ಸ್ಟೀಲ್ ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ಗುಂಡಿ ಬಂದಾಗಲೆಲ್ಲ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದ. ಪಕ್ಕದಲ್ಲಿದ್ದವನು ಕೇಳಿಯೇ ಬಿಟ್ಟ: "ಏನ್ ಸಾರ್, ಮೊಟ್ಟೆನಾ?"

ಕನಕರಾಜುವಿನ ಶೆಡ್ಡು ಸ್ಟೇಷನ್ನಿನ ಹಿಂದೆ. ಭಟ್ಟಿಯ ಬಾಗಿಲಿಗೆ ಅರಿಶಿನ ಕುಂಕುಮ, ಮೇಲೆ ಒಣಗಿದ ಮಾವಿನ ತೋರಣ. ಅವನು ಫ್ಯೂಸುಗಳನ್ನು ಜೋಡಿಸಿ ಮುಗಿಸಿ ನಡುವಿನ ಹಲಗೆ ಖಾಲಿ ಬಿಟ್ಟು ಕಾಯುತ್ತಿದ್ದ. ಲಕ್ಷ್ಮೀಕಾಂತ್ ಡಬ್ಬಿ ತೆರೆದು ಬಿಲ್ಲೆಯನ್ನು ಹಲಗೆಯ ಮೇಲೆ ಕೂರಿಸಿ, ಸೊಂಟ ಹಿಡಿದುಕೊಂಡು ನೇರವಾದ. ಅಷ್ಟರಲ್ಲಿ ಪರಮಶಿವಯ್ಯ ಚಪ್ಪಲಿ ಬಿಟ್ಟು ಮುಂದೆ ಬಂದರು. ಚೀಲದಿಂದ ಮಠದ ಭಸ್ಮದ ಡಬ್ಬಿ ತೆಗೆದು, ಮೂರು ಬೆರಳು ಅದ್ದಿ, ಕಣ್ಣು ಮುಚ್ಚಿ, ಬಿಲ್ಲೆಯ ಉಬ್ಬಿದ ಮೈಮೇಲೆ ಎಡದಿಂದ ಬಲಕ್ಕೆ ಎಳೆದರು. ಸ್ನಾನ ಮಾಡಿ ಬಂದ ಮಗುವಿನ ಹಣೆಗೆ ಎಳೆಯುವ ಹಾಗೆ, ಅಷ್ಟೇ ಹಗುರಾಗಿ.

ಲಕ್ಷ್ಮೀಕಾಂತ್ ಬಾಯಿ ತೆರೆದ. ಮುದುಕರ ತುಟಿ ಇನ್ನೂ ಮಂತ್ರ ಹೇಳುತ್ತಿತ್ತು. ಸರ್ವಮಂಗಳ ಕೈ ಮುಗಿದು ನಿಂತಿದ್ದಳು. ಹೇಗೂ ಬೆಂಕಿಗೆ ಹೋಗುವುದು, ಸುಟ್ಟು ಹೋಗುತ್ತದೆ ಅಂದುಕೊಂಡು ಬಾಯಿ ಮುಚ್ಚಿದ. ಕುಂಚ ಜೇಬಿನಲ್ಲೇ ಇತ್ತು. ಕೈ ಅಲ್ಲಿಗೆ ಹೋಗಲಿಲ್ಲ, ಬೆಳಗಿನಿಂದ ದುಡಿದ ಕೈ.

ಕನಕರಾಜು ಬಾಗಿಲು ಮುಚ್ಚಿದ.

ಭಟ್ಟಿ ಉರಿದು, ಆರಿ, ಕೈ ಹಾಕುವಷ್ಟು ತಣ್ಣಗಾದ ದಿನ ಲಕ್ಷ್ಮೀಕಾಂತ್ ಒಬ್ಬನೇ ಗುಬ್ಬಿಗೆ ಹೋದ. ಬಿಲ್ಲೆ ಒಡೆದಿರಲಿಲ್ಲ, ಬಾಗಿರಲಿಲ್ಲ. ಅಳತೆ ಹಿಡಿದರೆ ಕೂದಲೆಳೆ ಹೆಚ್ಚುಕಡಿಮೆಯಿಲ್ಲ. ಇಷ್ಟು ತಿಂಗಳಲ್ಲಿ ಇಷ್ಟು ಚೆನ್ನಾಗಿ ಬಂದದ್ದು ಅದೊಂದೇ. ಅದರ ಮೇಲೆ ಅಡ್ಡಲಾಗಿ ಮೂರು ಗೆರೆ, ಹಳದಿ ಗಾಜಿನ ಹಾಗೆ ಕರಗಿ ಹೊಳೆಯುತ್ತಿದ್ದವು. ಗೆರೆಯಡಿಯ ತೂತುಗಳೆಲ್ಲ ಕಟ್ಟಿಕೊಂಡಿದ್ದವು.

ಬೂದಿಯೆಂದರೆ ಸುಟ್ಟು ಉಳಿದದ್ದು, ಇನ್ನು ಸುಡುವುದಕ್ಕೆ ಅದರಲ್ಲಿ ಏನಿದೆ? ಅಷ್ಟು ಕಾವಿನಲ್ಲಿ ಅದು ಕರಗುತ್ತದೆ, ಕರಗಿ ಪಕ್ಕದ್ದನ್ನೂ ಕರಗಿಸುತ್ತದೆ. ಇದನ್ನು ಲಕ್ಷ್ಮೀಕಾಂತ್ ಪ್ರತಿವರ್ಷ ಐದನೇ ಸೆಮಿಸ್ಟರಿನವರಿಗೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದವನು. ಅಲ್ಲೇ ಇದ್ದ ಮುರಿದ ಹಲಗೆಯ ಮೇಲೆ ಕೂತುಬಿಟ್ಟ.

"ನಾನೂ ನೋಡ್ದೆ ಸಾರ್," ಅಂದ ಕನಕರಾಜು. "ಫ್ಯೂಸಿನ ಮೇಲೆ ಬೂದಿ ಬಿದ್ರೆ ನಾನೇ ಹುಡುಗ್ರಿಗೆ ಉಗೀತೀನಿ. ಆದ್ರೆ ದೊಡ್ಡವ್ರು ಇಟ್ಟ ವಿಭೂತಿ. ಒರೆಸಿ ಅಂತ ಯಾವ ಬಾಯಲ್ಲಿ ಹೇಳೋದು?"

"ಹೇಳ್ಬೇಕಿತ್ತು ಕಣಯ್ಯ, ನಾನು."

ಅರದಿಂದ ಒಂದು ಗೆರೆಯನ್ನು ಉಜ್ಜಿ ನೋಡಿದ. ಮೇಲಿನ ಹೊಳಪು ಹೋದರೂ ಕೆಳಗೆ ಅದೇ ಹಳದಿ. ಬೂದಿ ತೂತುಗಳೊಳಗೆ ಇಳಿದಿತ್ತು. ಚೈತನ್ಯರಿಗೆ ಫೋನ್ ಮಾಡಿದ. "ಉಜ್ಜಿ ತೆಗೆಯೋಕಾಗಲ್ವಾ ಲಕ್ಷ್ಮೀಕಾಂತ್? ಡೇಟ್ ಮುಂದೆ ಹಾಕೋಕಾಗಲ್ಲ ನಂಗೆ," ಅಂದರು ಅವರು. ಒಳಗೆ ಏನು ಸೇರಿದೆ, ಮೂಳೆ ಅದನ್ನು ಹಿಡಿಯುತ್ತದೋ ಇಲ್ಲವೋ, ಹೇಳಲಾರೆ ಅಂದ ಇವನು. "ಹಾಗಾದ್ರೆ ಹಾಕೋ ಮಾತೇ ಇಲ್ಲ. ಇನ್ನೊಂದು ಮಾಡ್ತೀರಾ?"

ಮಾಡುತ್ತೇನೆ ಅಂದ. ಅಂದ ಮೇಲೆ ಮೈಯೆಲ್ಲ ಭಾರವಾಯಿತು.

ಅಪ್ಪ ಮಗಳಿಗೆ ವಿಷಯ ಹೇಳಬೇಕಿತ್ತು. ಬಿಲ್ಲೆ ನೋಡುವ ಆಸೆಯಿಂದ ಅವರೇ ಮಾರನೆಯ ದಿನ ಕುಣಿಗಲ್ಲಿನ ಬಸ್ಸು ಹಿಡಿದು ಬಂದರು. ಲಕ್ಷ್ಮೀಕಾಂತ್ ರಾತ್ರಿಯೆಲ್ಲ ಯೋಚಿಸಿ ಒಂದು ಸುಳ್ಳು ಸಿದ್ಧ ಮಾಡಿಟ್ಟುಕೊಂಡಿದ್ದ. ಬಿಲ್ಲೆ ಮೇಜಿನ ಡ್ರಾಯರಿನೊಳಗಿತ್ತು.

"ಭಟ್ಟಿಯಲ್ಲಿ ಬಾಗಿಬಿಡ್ತು ಯಜಮಾನ್ರೇ. ಒಂದೊಂದ್ಸಲ ಹಂಗಾಗುತ್ತೆ. ಇನ್ನೊಂದು ಮಾಡ್ತೀನಿ."

ಸರ್ವಮಂಗಳ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು. ಪರಮಶಿವಯ್ಯ ಮಾತ್ರ ತಮ್ಮ ಅಂಗೈ ನೋಡಿಕೊಳ್ಳುತ್ತ ಕೂತರು.

"ವಿಭೂತಿ ಇಟ್ಟಿದ್ದೆ ನಾನು," ಅಂದರು.

"ಹೂಂ."

"ಗದ್ದುಗೆ ಮೇಲಿನ ಭಸ್ಮ ಮೇಷ್ಟ್ರೇ. ಅದಿಟ್ಟ ಮೇಲೂ ಬಾಗ್ತು ಅಂದ್ರೆ, ಅವನಿಗೆ ಒಪ್ಪಿಗೆ ಇಲ್ಲ." ಎದ್ದು ನಿಂತರು. "ಬುಡಿ. ನೀವೂ ಬಾಳ ಕಷ್ಟಪಟ್ರಿ. ಶಿವ ಬ್ಯಾಡ ಅಂದದ್ದನ್ನ ಮಗಳ ತಲೆಗೆ ನಾನು ಇಡ್ಸಲ್ಲ. ನಡಿ ಮಂಗಳ."

"ಅಪ್ಪಾಜಿ," ಅಂದಳು ಅವಳು.

"ನಡಿಯವ್ವ."

ಹೋದರು. ಬಾಗಿಲು ಮುಚ್ಚಿಕೊಂಡಿತು. ಲಕ್ಷ್ಮೀಕಾಂತ್‌ಗೆ ಮೊದಲು ಅನ್ನಿಸಿದ್ದು ದುಃಖವಲ್ಲ, ಹಗುರ. ಮೆಷಿನ್ ಮುಂದೆ ಕೂರಬೇಕಾಗಿಲ್ಲ. ಕರೆಂಟು ಕಾಯಬೇಕಾಗಿಲ್ಲ. ಉಪ್ಪಾರಹಳ್ಳಿಯ ಮನೆಗೆ ಹೊತ್ತಿಗೆ ಸರಿಯಾಗಿ ಹೋಗಿ, ಹೆಂಡತಿ ಬಡಿಸಿದ ಬಿಸಿ ಮುದ್ದೆ ತಿಂದು ಮಲಗಬಹುದು. ಯಾರೂ ಇವನನ್ನು ದೂರುವಂತಿಲ್ಲ, ಅವರೇ ಬೇಡ ಅಂದದ್ದು. ಆ ಹಗುರದಲ್ಲಿ ಮೇಜಿನ ಮೇಲೆ ತಲೆಯಿಟ್ಟ. ಕಣ್ಣು ಮುಚ್ಚಿದರೆ ಸೆರಗು ಎಳೆದುಕೊಳ್ಳುವ ಕೈ. ಒಂದು ದಿನ ಅವಳು ತಮಾಷೆಯಾಗಿಯೇ ಹೇಳಿದ್ದಳು: ಮಕ್ಕಳು ನನ್ನ ಹಣೆ ನೋಡ್ತಾ ಅ ಆ ಮರೀತಾವೆ ಸಾರ್, ಒಂದು ಮಗು ಅಂತೂ ಬೆರಳಿಟ್ಟು ನೋಡ್ತು, ಅವತ್ತಿಂದ ಅಂಗನವಾಡಿಗೆ ಹೋಗಿಲ್ಲ ನಾನು.

ಡ್ರಾಯರ್ ಎಳೆದು ಬಿಲ್ಲೆಯನ್ನು ಜೇಬಿಗೆ ಹಾಕಿಕೊಂಡು ಆಟೋ ಹತ್ತಿದ.

ಬಸ್ ಸ್ಟ್ಯಾಂಡಿನಲ್ಲಿ ಕುಣಿಗಲ್ ಬಸ್ಸು ಇನ್ನೂ ಹೊರಟಿರಲಿಲ್ಲ. ಕಂಡಕ್ಟರ್ ಕೆಳಗೆ ನಿಂತು ಕೂಗುತ್ತಿದ್ದ. ಅಪ್ಪ ಮಗಳು ಹಿಂದಿನ ಸೀಟಿನಲ್ಲಿ ಕೂತಿದ್ದರು. ಲಕ್ಷ್ಮೀಕಾಂತ್ ಹತ್ತಿ, ಮುಂದಿನ ಸೀಟಿನ ಕಂಬಿ ಹಿಡಿದು ನಿಂತು, ಬಿಲ್ಲೆಯನ್ನು ಮುದುಕರ ಕೈಯಲ್ಲಿಟ್ಟ.

"ಬಾಗಿಲ್ಲ ಯಜಮಾನ್ರೇ. ಸುಳ್ಳು ಹೇಳ್ದೆ. ನೋಡಿ."

ಪರಮಶಿವಯ್ಯ ಬಿಲ್ಲೆಯನ್ನು ಕಣ್ಣಿಗೆ ಹತ್ತಿರ ಹಿಡಿದರು. ಮೂರು ಗೆರೆಗಳ ಮೇಲೆ ಹೆಬ್ಬೆರಳು ಓಡಿಸಿದರು.

"ಇದು ನಾನು ಇಟ್ಟಿದ್ದು."

"ಬೂದಿ ಕರಗಿ ಒಳಗೆ ಇಳಿದಿದೆ. ತಲೆಗೆ ಹಾಕೋ ಹಂಗಿಲ್ಲ. ನೀವು ಇಡೋವಾಗ ನಾನು ಎದುರಿಗೇ ಇದ್ದೆ, ತಡೀಬೇಕಾಗಿತ್ತು, ಸುಮ್ಮನಿದ್ದೆ. ಶಿವ ಬೇಡ ಅಂದಿಲ್ಲ. ನಾವಿಬ್ರೂ ಸೇರಿ ಕೆಡಿಸಿದ್ದು."

ಸರ್ವಮಂಗಳ ಕಿಟಕಿಯ ಕಡೆ ತಿರುಗಿದಳು. ಬೈಯುತ್ತಾಳೋ ಅಳುತ್ತಾಳೋ ಗೊತ್ತಾಗಲಿಲ್ಲ. ಡ್ರೈವರ್ ಹತ್ತಿ ಇಂಜಿನ್ ಚಾಲೂ ಮಾಡಿದ. ಬಸ್ಸೆಲ್ಲ ನಡುಗತೊಡಗಿತು. ಪರಮಶಿವಯ್ಯ ಬಿಲ್ಲೆಯನ್ನು ಮಡಿಲಲ್ಲಿಟ್ಟುಕೊಂಡರು.

"ಹಂಗಾದ್ರೆ ತಪ್ಪು ನನ್ನ ಬೆರಳದು," ಅಂದರು. ಅವರ ದನಿಯಲ್ಲಿ ಇದ್ದದ್ದು ನೋವಿಗಿಂತ ಸಮಾಧಾನ. "ನನ್ನದು ಅಂದ್ರೆ ತೊಂದ್ರೆ ಇಲ್ಲ ಮೇಷ್ಟ್ರೇ. ನಾನು ಎಷ್ಟೋ ಕೆಡಿಸಿದೀನಿ, ಎಷ್ಟೋ ಸರಿ ಮಾಡಿದೀನಿ. ಮಾಡಿ ಇನ್ನೊಂದು."

"ಈ ಸಲ ಕೈ ಕಟ್ಟಿಹಾಕಿ ಕರ್ಕೊಂಡು ಬರ್ತೀನಿ ಸಾರ್ ಇವ್ರನ್ನ," ಅಂದಳು ಸರ್ವಮಂಗಳ, ಕಿಟಕಿಯ ಕಡೆಗೇ ಮುಖ ಮಾಡಿ.

ಹೊಸ ಬಿಲ್ಲೆ ಮೆಷಿನ್ನಿಂದ ಮುರಿಯದೆ ಬಂತು. ತೊಡಕು ಗುಬ್ಬಿಯಲ್ಲಿತ್ತು. ಅಪ್ಪ ಮಗಳ ಜೊತೆ ಲಕ್ಷ್ಮೀಕಾಂತ್ ಹೋಗುವಷ್ಟರಲ್ಲಿ ರಾಗಿ ಬಿತ್ತನೆಯ ಹದ ಬಂದು ಕನಕರಾಜುವಿನ ಕೆಲಸದವರು ಹೊಲಗಳಿಗೆ ಹೋಗಿಬಿಟ್ಟಿದ್ದರು. ಅಚ್ಚಿನಿಂದ ತೆಗೆದ ಫ್ಯೂಸುಗಳು ಅಂಚು ಕೆರೆಯದೆ ರಾಶಿ ಬಿದ್ದಿದ್ದವು. ಅಂಚು ಕೆರೆಯದೆ ಸುಡುವಂತಿಲ್ಲ, ಭಟ್ಟಿ ತುಂಬದೆ ಹಚ್ಚುವಂತಿಲ್ಲ.

"ಡೀಸೆಲ್ ಎಷ್ಟಾಗುತ್ತೋ ನಾನು ಕೊಡ್ತೀನಿ, ಖಾಲಿಯೇ ಹಚ್ಚು," ಅಂದ ಲಕ್ಷ್ಮೀಕಾಂತ್.

"ದುಡ್ಡಿನ ಮಾತಲ್ಲ ಸಾರ್. ಖಾಲಿ ಹಚ್ಚಿದ್ರೆ ಕಾವು ಒಂದೇ ಸಮ ಏರಲ್ಲ, ನಿಮ್ದೂ ಕೆಡುತ್ತೆ. ನಂಗೆ ಕೈ ಬೇಕು. ಮುಯ್ಯಾಳು ಬನ್ನಿ."

ಮುಯ್ಯಾಳು ಅಂದರೆ ಆ ಸೀಮೆಯಲ್ಲಿ ಕೂಲಿಯಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಆಳಿಗೆ ಆಳು, ದಿನಕ್ಕೆ ದಿನ. ಅದನ್ನು ದುಡ್ಡಿನಲ್ಲಿ ತೀರಿಸುವ ಮಾತು ಯಾರೂ ಆಡುವುದಿಲ್ಲ.

"ಒಪ್ಪಿದೆ. ಒಂದು ದಿನ ನಂದು," ಅಂದ ಲಕ್ಷ್ಮೀಕಾಂತ್. "ಆದ್ರೆ ಈಗಲ್ಲ, ನಾಳೆಯಿಂದ ಇಂಟರ್ನಲ್ಸ್ ಡ್ಯೂಟಿ. ಆಪರೇಷನ್ ಆದ ಮೇಲೆ ಬರ್ತೀನಿ."

"ನಂದು ಈಗ," ಅಂದರು ಪರಮಶಿವಯ್ಯ. ಅಂಗಿ ಬಿಚ್ಚಿ ಗೂಟಕ್ಕೆ ಹಾಕಿ ರಾಶಿಯ ಮುಂದೆ ಕೂತೇಬಿಟ್ಟರು. ಮಗಳೂ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದಲ್ಲಿ ಕೂತಳು. ಸೊಂಟಕ್ಕೆ ಹೋದ ಸೆರಗು ಹಣೆಗೆ ಉಳಿಯಲಿಲ್ಲ. ಕನಕರಾಜು ಒಂದು ಸಲ ನೋಡಿದ, ಆಮೇಲೆ ಚಾಕು ಹಿಡಿಯುವುದು ಹೇಗೆಂದು ತೋರಿಸುವುದರಲ್ಲಿ ಮುಳುಗಿದ.

"ಇನ್ನೂ ತೆಳ್ಳಗೆ ಕೆರೀರಿ ಅಯ್ಯಾ, ಆಲೂಗಡ್ಡೆ ಸುಲೀತಿದೀರಲ್ಲ."

"ನಿಮ್ಮಪ್ಪನ ವಯಸ್ಸಿನವನಿಗೆ ಹಿಂಗಾ ಅನ್ನೋದು?"

"ನಮ್ಮಪ್ಪನಿಗೆ ಇದಕ್ಕಿಂತ ಜಾಸ್ತಿ ಅಂತಿದ್ದೆ."

ದೀಪ ಹಚ್ಚುವ ಹೊತ್ತಿಗೆ ರಾಶಿ ಮುಗಿಯಿತು. ಬಿಲ್ಲೆಯನ್ನು ಹಲಗೆಯ ಮೇಲೆ ಇಡುವಾಗ ಪರಮಶಿವಯ್ಯ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ದೂರ ನಿಂತರು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಆದರೂ ಲಕ್ಷ್ಮೀಕಾಂತ್ ಜೇಬಿನಿಂದ ಕುಂಚ ತೆಗೆದು ಬಿಲ್ಲೆಯ ಮೇಲೆ ಇನ್ನೊಂದು ಸಲ ಆಡಿಸಿದ.

ಬಿಲ್ಲೆ ಬೆಳ್ಳಗೆ ಬಂತು. ಗೊತ್ತಾದ ದಿನವೇ ಆಪರೇಷನ್ ಆಯಿತು. ಚೈತನ್ಯ ಫೋನ್ ಮಾಡಿ, ಅಂಚಿಗೆ ಅಂಚು ಕೂತಿತು, ಅರ ಮುಟ್ಟಿಸಬೇಕಾಗಲಿಲ್ಲ ಅಂದಾಗ ಲಕ್ಷ್ಮೀಕಾಂತ್ ವ್ಯಾಲ್ಯುಯೇಷನ್ನಿನ ಕಟ್ಟುಗಳ ನಡುವೆ ಕೂತಿದ್ದ. ಸರಿ ಸಾರ್ ಅಂದು ಮುಂದಿನ ಪೇಪರ್ ತೆಗೆದುಕೊಂಡ. ಸಂತೋಷಪಡುವುದಕ್ಕೂ ಮೈಯಲ್ಲಿ ಸ್ವಲ್ಪ ಕಸುವು ಬೇಕು.

ಗುಬ್ಬಿಗೆ ಹೋಗುವುದು ಶ್ರಾವಣದಲ್ಲಿ ಅಂದುಕೊಂಡ, ಆಗಲಿಲ್ಲ. ದಸರಾ ರಜೆಯಲ್ಲಿ ಅಂದುಕೊಂಡ. ಹೆಂಡತಿಯ ಕಡೆ ಮದುವೆ ಬಂತು. ಒಂದೆರಡು ಸಲ ತಿಪಟೂರಿನ ಬಸ್ಸಿನಲ್ಲಿ ಗುಬ್ಬಿ ದಾಟಿ ಹೋದ. ಆಗೆಲ್ಲ ಸ್ಟೇಷನ್ ಇಲ್ಲದ ಕಡೆಯ ಕಿಟಕಿಗೆ ಕೂತ. ಕನಕರಾಜು ಒಂದು ದಿನವೂ ಫೋನ್ ಮಾಡಿ ಕೇಳಲಿಲ್ಲ. ಅವನು ಕೇಳಿದ್ದರೆ ಚೆನ್ನಾಗಿತ್ತು.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದ ಒಂದು ಭಾನುವಾರ ಹಳೆಯ ಪ್ಯಾಂಟು ಹಾಕಿಕೊಂಡು ಹೊರಟ. ಶೆಡ್ಡಿನ ಬಾಗಿಲು ತೆರೆದಿತ್ತು, ಒಳಗೆ ಮಣ್ಣಿನ ವಾಸನೆ ಇರಲಿಲ್ಲ. ಅಚ್ಚುಗಳನ್ನು ಗೋಡೆಗೆ ಒತ್ತರಿಸಿ, ಅವುಗಳ ಜಾಗದಲ್ಲಿ ಸಿಮೆಂಟ್ ಮೂಟೆ ಪೇರಿಸಿದ್ದರು. ಕನಕರಾಜು ಸ್ಟೂಲಿನ ಮೇಲೆ ಕೂತು ಪೇಪರ್ ಓದುತ್ತಿದ್ದ.

"ಬನ್ನಿ ಸಾರ್. ಏನು, ಇನ್ನೊಂದು ತಲೆನಾ?"

"ಇಲ್ಲ ಕಣಯ್ಯ. ನನ್ನ ದಿನ ಬಾಕಿ ಇತ್ತಲ್ಲ, ಅದಕ್ಕೆ ಬಂದೆ."

ಕನಕರಾಜು ಪೇಪರ್ ಮಡಿಚಿದ. "ಈಗ ಯಾರೂ ಪಿಂಗಾಣಿ ಕೇಳಲ್ಲ ಸಾರ್. ಎಲ್ಲ ಸ್ವಿಚ್ಚಿನ ಥರದ್ದೇ ಹಾಕಿಸ್ತಾರೆ, ಟಕ್ ಅಂತ ಬೀಳುತ್ತಲ್ಲ, ಅದು. ಸಂಕ್ರಾಂತಿಯಿಂದ ಭಟ್ಟಿ ಹಚ್ಚಿಲ್ಲ. ಶೆಡ್ಡು ಸಿಮೆಂಟ್‌ನೋರಿಗೆ ಕೊಟ್ಟೆ."

"ಹಂಗಾದ್ರೆ ಮೂಟೆ ಗೀಟೆ ಎತ್ತೋದಿದ್ರೆ..."

"ಅದು ಅವ್ರ ಮೂಟೆ. ನಂಗೆ ಬಾಕಿ ಇರೋ ಮುಯ್ಯಾಳನ್ನ ಅವ್ರಿಗ್ಯಾಕೆ ಮಾಡ್ತೀರ." ನಕ್ಕ. "ನಂಗೊಂದು ಕೆಲಸ ಹುಟ್ಟಲಿ, ಆಗ ಕರೀತೀನಿ. ಕೂತ್ಕೊಳಿ, ಟೀ ತರಿಸ್ತೀನಿ."

ಲಕ್ಷ್ಮೀಕಾಂತ್ ಮೂಟೆಯೊಂದರ ಮೇಲೆ ಕೂತ. ಟೀ ಬಂತು. ಸರ್ವಮಂಗಳ ಅಂಗನವಾಡಿಗೆ ಹೋಗುತ್ತಿದ್ದಾಳೆಂದೂ, ಪರಮಶಿವಯ್ಯ ಸಂಕ್ರಾಂತಿಗೆ ಬಂದು ಒಂದು ಚೀಲ ಅವರೆಕಾಯಿ ಕೊಟ್ಟು ಹೋದರೆಂದೂ ಕನಕರಾಜುವೇ ಹೇಳಿದ. ಅವರು ಇವನನ್ನೂ ಕೇಳಿದರಂತೆ, ಮೇಷ್ಟ್ರು ಬಂದು ಹೋದ್ರಾ ಎಂದು.

"ಏನು ಹೇಳ್ದೆ?"

"ಬರ್ತಾರೆ ಅಂದೆ."

ಟೀ ಮುಗಿಯಿತು. ಇನ್ನು ಕೂರುವುದಕ್ಕೆ ಕಾರಣ ಇರಲಿಲ್ಲ. ಲೋಟ ಕೆಳಗಿಟ್ಟು, ಪ್ಯಾಂಟಿಗೆ ಹತ್ತಿದ ಸಿಮೆಂಟು ಕೊಡವಿಕೊಂಡು, ಮಧ್ಯಾಹ್ನದ ಬಸ್ಸಿಗೆ ನಡೆದ.